ಸಕ್ಕರೆ ಇಂಗ್ಲೆಂಡಿಗೆ ಹೋದದ್ದು

ಇಂಗ್ಲಿಷ್ ಮೇಷ್ಟ್ರಾದ ನಾನು ಒಂದು ಗುಟ್ಟು ಒಪ್ಪಿಕೊಂಡುಬಿಡುತ್ತೇನೆ: ನಿಘಂಟಿನಲ್ಲಿ ನನಗೆ ಪದದ ಅರ್ಥಕ್ಕಿಂತ ಅದರ ಹುಟ್ಟಿನ ಮೇಲೇ ಆಸೆ. ಅದು ಎಲ್ಲಿಂದ ಬಂತೆಂದು ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬರೆದಿರುತ್ತದಲ್ಲ, ಓದುತ್ತ ಕೂತರೆ ಒಲೆಯ ಮೇಲಿನ ಅನ್ನ ಸೀದರೂ ಗೊತ್ತಾಗುವುದಿಲ್ಲ. ಸಾವಿರದ ಒಂಬೈನೂರ ನಲವತ್ತೆರಡರ ಕೊನೆಗೆ ಅನ್ನ ದಿನಾ ಸೀಯುತ್ತಿತ್ತು. ಬಾಣಂತನಕ್ಕೆ ದೊಡ್ಡಬಳ್ಳಾಪುರದ ತವರಿಗೆ ಹೋದ ಹೆಂಡತಿ, ಮಗುವಿಗೆ ಐದು ತಿಂಗಳು ತುಂಬಿದರೂ ದೇವನಹಳ್ಳಿಯ ನಮ್ಮ ಮನೆಗೆ ಮರಳಿರಲಿಲ್ಲ.

ಕಾರಣ ನನ್ನ ಮಾವ. ನೇಕಾರರು, ಬಲು ಹಟದವರು. ಸ್ವಾತಂತ್ರ್ಯ ಚಳವಳಿಯ ಬಿಸಿಯಲ್ಲಿ, ತಮ್ಮ ಹೊಸ್ತಿಲೊಳಗೆ ಇಂಗ್ಲಿಷ್ ಪದ ಕಾಲಿಡಕೂಡದೆಂದು ಶಪಥ ಮಾಡಿಬಿಟ್ಟಿದ್ದರು. ಆ ಯುದ್ಧಕಾಲದಲ್ಲಿ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸು ಅವರ ಬಾಯಲ್ಲಿ ಇದ್ದಿಲುಬಂಡಿ. ಅದೇನೋ ಸರಿ, ಇಂಗ್ಲಿಷನ್ನೇ ನಂಬಿ ಉಣ್ಣುವ ಅಳಿಯ ಏನಾಗಬೇಕು?

ಹೆಂಡತಿಯನ್ನೂ ಮಗುವನ್ನೂ ಕರೆತರಲು ಹೋದೆ. ಮಾವ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತೇ ಹೇಳಿದರು: “ಅಳಿಯಂದ್ರೇ, ಆ ಪರಂಗಿ ಭಾಷೆ ಕಲ್ಸೋ ಕೆಲ್ಸ ಬಿಟ್ಬಿಡಿ. ನಿಮ್ಗೂ ಒಂದು ಮಗ್ಗ ಹಾಕ್ಕೊಡ್ತೀನಿ, ಇಲ್ಲೇ ಇರಿ. ಇಲ್ದಿದ್ರೆ ಮಗಳ್ನ ಕಳ್ಸಲ್ಲ.”

ನಾನು ಚೀಲದಿಂದ ನಿಘಂಟು ತೆಗೆದೆ. ಅದು ಬಿಟ್ಟರೆ ನನಗೆ ಬೇರೆ ಆಯುಧವಿಲ್ಲ. “ನೋಡಿ ಮಾವ, ಕ್ಯಾಲಿಕೋ ಬಟ್ಟೆ ಅಂತಾರಲ್ಲ, ಅದು ನಮ್ಮ ಕಲ್ಲಿಕೋಟೆ ಹೆಸರು.”

“ಅವ್ರ ಮನೆ ಹಾಳಾಗ! ಬಟ್ಟೆ ಯಾಪಾರಾನೂ ಕಿತ್ಕೊಂಡ್ರು, ಹೆಸ್ರೂ ಹೊತ್ಕೊಂಡೋದ್ರಾ? ಲೂಟಿ ಕಣ್ರೀ ಇದು!”

ಬಾಯಿ ಸುಮ್ಮನಿರಬೇಕಲ್ಲ! “ಆ ಲೂಟಿ ಅನ್ನೋ ಪದಾನೂ ಅವ್ರೇ ತಗೊಂಡೋಗಿದಾರೆ ಮಾವ” ಎಂದುಬಿಟ್ಟೆ. ಲಾಳಿ ನಿಂತಿತು. ಸಂಸಾರ ಕೈತಪ್ಪಿತೆಂದುಕೊಂಡೆ.

ಅಷ್ಟರಲ್ಲಿ ಹೆಂಡತಿ ಬೆಲ್ಲದ ಕಾಫಿ ತಂದಿಟ್ಟಳು. ಬೇರೇನೂ ತೋಚದೆ ಬೆಲ್ಲದ ಇಂಗ್ಲಿಷ್ ಪದ ‘ಜ್ಯಾಗರಿ’ ಹುಡುಕಿದೆ, ಆಮೇಲೆ ‘ಶುಗರ್’. ಓದುತ್ತಿದ್ದಂತೆ ಮೈ ಜುಮ್ಮೆಂದಿತು. ಎರಡಕ್ಕೂ ತಾಯಿ ಒಬ್ಬಳೇ, ನಮ್ಮ ಶರ್ಕರೆ! ಒಬ್ಬ ಮಗಳು ಪಾರಸಿಕರ ಕೈಹಿಡಿದು, ಅರಬರ ನಾಡು ದಾಟಿ, ಊರೂರು ಸುತ್ತಿ ಶುಗರ್ ಆದಳು. ಇನ್ನೊಬ್ಬಳು ಪೋರ್ಚುಗೀಸರ ಹಡಗು ಹತ್ತಿ ಜ್ಯಾಗರಿಯಾದಳು. ಸಾವಿರಾರು ಮೈಲಿ ಸಾಗಿ ಇಬ್ಬರೂ ಒಂದೇ ಪುಸ್ತಕ ಸೇರಿದ್ದಾರೆ, ಅಕ್ಕತಂಗಿಯರೆಂದು ಅವರಿಗೇ ತಿಳಿಯದು. ಅಬ್ಬಾ, ಏನು ಸೋಜಿಗ! ಬಂದ ಕೆಲಸ ಮರೆತು ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ.

ಮಾವ ಬಾಯಿಬಿಟ್ಟುಕೊಂಡು ಕೇಳಿದರು. “ಆದ್ರೂ ಹೆಸ್ರು ಕೆಡಿಸ್ಬಿಟ್ರಲ್ಲ” ಎಂದರು, ಮೆತ್ತಗೆ.

“ಹೋದ ಮನೇಲಿ ಬೇರೆ ಹೆಸ್ರಿಟ್ರು, ಅಷ್ಟೇ ಅಲ್ವೇನಪ್ಪಾ?” ಎಂದಳು ನನ್ನ ಹೆಂಡತಿ. “ಮದ್ವೇಲಿ ನಂಗೂ ಇಟ್ರು. ಅಷ್ಟಕ್ಕೆ ನಾನು ನಿನ್ ಮಗಳಲ್ದೆ ಹೋದ್ನಾ?”

ಮಾವ ಮಗ್ಗದ ನೂಲು ನೇವರಿಸಿದರು. ಆಮೇಲೆ ತಲೆಯೆತ್ತದೆ ಕೇಳಿದರು: “ಆ ಸಕ್ಕರೆ ಮತ್ತೆ ಯಾವತ್ತಾದ್ರೂ ಈ ಕಡೆ ಬಂತಾ, ಅಳಿಯಂದ್ರೇ?”

ಅವರು ಕೇಳಿದ್ದು ಸಕ್ಕರೆಯ ವಿಷಯವನ್ನಲ್ಲ. ಇಂಗ್ಲಿಷಿನ ಮೇಲಿನ ಸಿಟ್ಟೂ ಅರ್ಧ ನೆಪವೇ ಎಂಬುದು ಪಂಡಿತನಾದ ನನಗೆ ಆಗಷ್ಟೇ ಹೊಳೆಯಿತು. “ತಿಂಗಳಿಗೊಂದ್ಸಲ ಕರ್ಕೊಂಡ್ ಬರ್ತೀನಿ ಮಾವ” ಎಂದೆ.

ಅವರು ಗುಂಡಿಯಿಂದೆದ್ದು ಮೊಮ್ಮಗುವಿನ ಕೆನ್ನೆ ಸವರಿದರು. “ಗಾಳಿ ಜೋರಾಗಿದೆ. ಮಗೂಗೆ ಕಿವಿ ಮುಚ್ಚಿ ಕರ್ಕೊಂಡೋಗಿ.”

ಪದ ಯಾವ ಮನೆಯಿಂದ ಹೊರಟಿತೆಂದು ನಿಘಂಟು ತಪ್ಪದೆ ಬರೆಯುತ್ತದೆ. ಹೊರಟ ದಿನ ಆ ಮನೆಯವರಿಗೆ ಹೇಗಾಯಿತೆಂದು ಮಾತ್ರ ಬರೆಯುವುದಿಲ್ಲ.