ಅತ್ತೆಯ ಐಸ್ ಮಷಿನ್

ನಮ್ಮ ಅತ್ತೆ ಲೋಟದೊಳಗೆ ಮೂಗು ಇಳಿಸಿದರೆ ಅವರ ಏಳು ಹರಳಿನ ಮೂಗುಬೊಟ್ಟು ಅಂಚಿಗೆ ತಾಗಿ ಟಿಣ್ ಎನ್ನುತ್ತಿತ್ತು. ಆ ಸದ್ದಿಗೆ ನನ್ನ ಬೆನ್ನು ಸೆಟೆಯುತ್ತಿತ್ತು. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, ಲೋಟವನ್ನು ನನ್ನ ಕಡೆ ತಳ್ಳಿ ಅವರು ಹೇಳುತ್ತಿದ್ದುದು ಒಂದೇ ಮಾತು: "ಇನ್ನೊಂದ್ಸಲ ತೊಳಿ." ಬೈಗುಳವಿಲ್ಲ, ಕೂಗಾಟವಿಲ್ಲ. ಹರಿಹರದ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ಈ ಮಾತನ್ನು ಕೇಳಿದಷ್ಟು ಸಲ ನಾನು ನನ್ನ ಹೆಸರನ್ನೂ ಕೇಳಲಿಲ್ಲ.

ಪಾತ್ರೆ ಹೊಳೆದರೆ ಅವರಿಗೆ ಸಾಲದು. ಹುಳಿ, ಸೋಪು, ನಿನ್ನೆಯ ಮಜ್ಜಿಗೆ, ಯಾವುದರ ವಾಸನೆಯೂ ಇರಬಾರದು. ನಿಜ ಹೇಳಬೇಕೆಂದರೆ ಹತ್ತರಲ್ಲಿ ಒಂಬತ್ತು ಸಲ ಇರುತ್ತಲೂ ಇರಲಿಲ್ಲ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಅಪ್ಪ ಕಡರನಾಯಕನಹಳ್ಳಿಯಿಂದ ನನ್ನನ್ನು ನೋಡಲು ಬಂದರು. ಸುಡು ಮಧ್ಯಾಹ್ನ. ಜಗಲಿಯ ಮೇಲೆ ಕೂತು "ಒಂದ್ಲೋಟ ನೀರು ಕೊಡವ್ವ" ಎಂದರು. ನಾನು ತಂದ ಲೋಟವನ್ನು ಅತ್ತೆ ನಡುವೆಯೇ ಇಸಿದುಕೊಂಡರು. ಟಿಣ್.

"ಇನ್ನೊಂದ್ಸಲ ತೊಳಿ. ನಿಮ್ಮೂರಾಗ ಹಿಂಗೇ ಕೊಡ್ತಾರೇನು?"

ತೊಳೆದು ತಂದೆ. ಮತ್ತೆ ಟಿಣ್. ಮೂರನೆಯ ಸಲ ನಾನು ಬಚ್ಚಲಿನಿಂದ ಬರುವಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿದ್ದರು. "ಬಸ್ಸಿನ ಹೊತ್ತಾತು, ಬರ್ತೀನ್ರಿ" ಎಂದು ಒಣಗಿದ ತುಟಿಯಲ್ಲೇ ನಕ್ಕು ಹೊರಟರು. ಮತ್ತೆಂದೂ ಆ ಹೊಸ್ತಿಲು ತುಳಿಯಲಿಲ್ಲ. ಅದನ್ನು ನಾನು ಮರೆಯಲಿಲ್ಲ. ಹದಿನೆಂಟು ವರ್ಷ ಮರೆತವಳಂತೆ ಇದ್ದೆ, ಅಷ್ಟೇ.

ಆಮೇಲೆ ಅತ್ತೆಯ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ದಾವಣಗೆರೆಗೆ ಹೋಗಿ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಮಿತಿ ಹಾಕಿದರು. ತೀರಾ ತಡೆಯಲಾಗದಿದ್ದರೆ ಒಂದೆರಡು ಐಸ್ ತುಂಡು ಚೀಪಬಹುದು ಎಂದರು. ಫ್ರಿಜ್ಜಿನ ಐಸಿಗೆ ಸಾರಿನ ವಾಸನೆ ಎಂದು ಅತ್ತೆ ಬಾಯಿಗಿಡಲಿಲ್ಲ. ಗುತ್ತೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಅಮ್ಮನಿಗೆಂದೇ ಅಡುಗೆಕಟ್ಟೆಯ ಮೇಲೆ ಕೂರುವ ಪುಟ್ಟ ಐಸ್ ಮಷಿನ್ ತಂದರು.

ಅದನ್ನು ತೊಳೆಯುವುದು ನನ್ನ ಪಾಲಿಗೆ ಬಂತು. ಪ್ರತಿ ಭಾನುವಾರ ಕೆಳಗಿನ ಬಿರಡೆ ತೆಗೆದು ಹಳೆ ನೀರು ಬಸಿಯಬೇಕು. ವಿನೆಗರ್ ಬೆರೆಸಿದ ನೀರು ತುಂಬಿ ಓಡಿಸಿ, ಹಳೆ ಬ್ರಷ್ಷಿನಿಂದ ಮೂಲೆಯ ಬಿಳಿ ಪೊರೆ ಉಜ್ಜಿ, ಒಳ್ಳೆ ನೀರಲ್ಲಿ ಎರಡು ಸಲ ಜಾಲಿಸಬೇಕು. ಅದಾದ ಮೇಲೆ ಬೀಳುವ ಮೊದಲ ಐಸನ್ನು ಚೆಲ್ಲಬೇಕು. ಅತ್ತೆ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಮೊದಮೊದಲು ಇಲ್ಲಿಯೂ "ಇನ್ನೊಂದ್ಸಲ" ಎನ್ನುತ್ತಿದ್ದರು. ದಾಹ ಹೆಚ್ಚಿದಂತೆ ಆ ಮಾತು ನಿಂತಿತು. ಆಗ ನಾನು ಶುರು ಮಾಡಿದೆ.

ಅದು ಏಪ್ರಿಲ್ ತಿಂಗಳು. ಅವರ ನಾಲಿಗೆ ಅಂಗುಳಿಗೆ ಅಂಟಿ ಮಾತು ತೊದಲುತ್ತಿತ್ತು. ಮೊದಲ ಐಸ್ ಚೆಲ್ಲಿದೆ. ಎರಡನೆಯದು ಬಿತ್ತು, ಬೆರಳ ತುದಿಯಷ್ಟರ ಒಂಬತ್ತು ತುಂಡು. ಒಂದನ್ನು ಎತ್ತಿ ಅವರ ಎದುರೇ ಮೂಸಿದೆ.

"ವಿನೆಗರ್ ವಾಸ್ನೆ ಐತ್ರಿ ಅತ್ತೆ."

"ಇರ್ಲಿ ಬಿಡು. ಕೊಡವ್ವ."

"ಛೇ, ನಿಮಗೆ ಹೆಂಗೆ ಕೊಡ್ಲಿ? ಇನ್ನೊಂದ್ಸಲ ತೊಳಿತೀನಿ."

ಒಂಬತ್ತೂ ತುಂಡನ್ನು ಸಿಂಕಿಗೆ ಸುರಿದೆ. ವಾಸನೆ ಇರಲಿಲ್ಲ. ಅವರು ಕರಗುತ್ತಿದ್ದ ಐಸನ್ನು ನೋಡಿದರು, ನನ್ನನ್ನು ನೋಡಿದರು.

"ನಿಮ್ಮಪ್ಪ ಅವತ್ತು ಬಿಸಲಾಗ ನಡ್ಕಂಡು ಬಂದಿದ್ರಾ?"

ಹದಿನೆಂಟು ವರ್ಷದ ಮೇಲೆ ಕೇಳಿದ್ದು! "ಹೌದ್ರಿ" ಎಂದು ಬಿರಡೆ ತೆಗೆದೆ. ನನಗೆ ಖುಷಿಯಾಗಿತ್ತು, ಮುಚ್ಚಿಡುವುದಿಲ್ಲ. ಆ ದಿನ ಅವರ ಬಾಯಿಗೆ ಐಸ್ ಬೀಳುವಾಗ ಸಂಜೆಯಾಗಿತ್ತು.

ಅಲ್ಲಿಂದ ಪ್ರತಿ ಭಾನುವಾರವೂ ಹಾಗೆಯೇ. ಅವರು ಮಗನಿಗೆ ಚಾಡಿ ಹೇಳಲಿಲ್ಲ. ನೋಡಲು ಬಂದ ಕುಕ್ಕುವಾಡದ ತಂಗಿಯ ಹತ್ತಿರ ಮಾತ್ರ, "ನನ್ನ ಸೊಸಿ ಮೂರು ಸಲ ತೊಳ್ದು ಕೊಡ್ತಾಳೆ. ನಾನೇ ಕಲ್ಸಿದ್ದು" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕೊನೆಗೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಮರುದಿನ ಮಧ್ಯಾಹ್ನ ಎಲ್ಲರೂ ಹಾಸಿಗೆಯ ಸುತ್ತ ನಿಂತು ಹೊಳೆಯಿಂದ ತಂದ ನೀರನ್ನು ಒಂದೊಂದು ಚಮಚ ಅವರ ಬಾಯಿಗೆ ಬಿಟ್ಟರು. ಇನ್ನು ಯಾವ ಅಳತೆಯೂ ಇರಲಿಲ್ಲ. ಮಗ ಬಿಟ್ಟರು, ತಂಗಿ ಬಿಟ್ಟರು. ನನ್ನ ಸರದಿ ಬಂದಾಗ ಬಗ್ಗಿದೆ, ಚಮಚ ಮೂಗುಬೊಟ್ಟಿಗೆ ತಾಗಿತು. ಟಿಣ್. ಅತ್ತೆ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು.

"ಇನ್ನೊಂದ್ಸಲ ತೊಳಿ."

ಬೇಕೆಂದೇ ಅಂದರೋ, ರೂಢಿಯಿಂದ ಬಂತೋ, ಇವತ್ತಿಗೂ ಗೊತ್ತಿಲ್ಲ. ನಾನಂತೂ ಎದ್ದೆ. ಆ ಮಾತಿಗೆ ಅಷ್ಟು ವರ್ಷ ಎದ್ದ ಕಾಲುಗಳು ನನ್ನನ್ನು ಕೇಳದೆಯೇ ನಡೆದವು. ಐಸ್ ಮಷಿನ್ನಿನ ಪಕ್ಕದ ಸಿಂಕಿನಲ್ಲಿ ಚಮಚವನ್ನು ಉಜ್ಜಿದೆ, ಜಾಲಿಸಿದೆ, ಮೂಸಿ ನೋಡಿದೆ. ಎರಡನೆಯ ಸಲ ಜಾಲಿಸುತ್ತಿದ್ದಾಗ ಒಳಗಿನಿಂದ ಅವರ ತಂಗಿಯ ಅಳು ಕೇಳಿತು.

ಮನೆಯವರೆಲ್ಲರ ಕೈಯ ನೀರು ಕುಡಿದು ಹೋದರು ಅತ್ತೆ, ನನ್ನದೊಂದನ್ನು ಬಿಟ್ಟು.