ಕೆಂಚಿಯ ಕೆಂಪು ಕಣ್ಣು

ಬ್ಯಾಡರಹಳ್ಳಿಯ ನಮ್ಮ ಎದುರುಮನೆ ತಿಮ್ಮಯ್ಯನವರಿಗೆ ಸಿಕ್ಕವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವ ಚಟ. ಕುರಿ ಸಾಕಿದವರ ಚಟ ಅದು. ರೆಪ್ಪೆಯೊಳಗೆ ಕೆಂಪಗಿದ್ದರೆ ಮೈಯಲ್ಲಿ ರಕ್ತ ಇದೆ, ಬೆಳ್ಳಗಿದ್ದರೆ ಇಲ್ಲ, ಅಷ್ಟೇ ಲೆಕ್ಕ. ನಮ್ಮ ಗೃಹಪ್ರವೇಶಕ್ಕೆ ಕರೆದರೆ, ಊಟಕ್ಕೆ ಕೂರುವ ಮೊದಲೇ ನನ್ನ ರೆಪ್ಪೆ ಎಳೆದು, "ಪರವಾಗಿಲ್ಲ ಸಾರ್, ಬದುಕ್ತೀರಿ" ಅಂದರು. ಬಂದ ನೆಂಟರ ಮುಂದೆ! ನನಗೆ ಮೈಯೆಲ್ಲ ಉರಿದುಹೋಯಿತು.

ಅವರ ಹೊಲವೆಲ್ಲ ಸೈಟುಗಳಾಗಿ, ಈಗ ಉಳಿದಿರುವುದು ಮನೆ ಹಿಂದೆ ಒಂದು ಶೆಡ್ಡು, ಅದರಲ್ಲಿ ಕೆಂಚಿ ಎಂಬ ಒಂದು ಕುರಿ. ಮೇಯಲು ಹಸಿರು ಎಲ್ಲಿದೆ? ಬರೀ ಒಣ ರಾಗಿಹುಲ್ಲು. ಅದರ ಕಣ್ಣು ದಿನೇ ದಿನೇ ಬೆಳ್ಳಗಾಯಿತು. ಪಶುವೈದ್ಯರು ನೋಡಿ, "ಒಣಹುಲ್ಲಲ್ಲಿ ರಕ್ತ ಎಲ್ಲಿಂದ ಬರಬೇಕು?" ಎಂದು ಜಂತುಹುಳದ ಔಷಧಿ ಕುಡಿಸಿ, ದಿನಾ ಸಂಜೆ ಬೂಸಾಕ್ಕೆ ಬೆರೆಸಲು ಕುರಿಗಳ ಮಿನರಲ್ ಪೌಡರ್ ಬರೆದುಕೊಟ್ಟರು. ಬೆರೆಸುವ ಕೆಲಸ ಸೊಸೆ ಕವನಾಳದು.

ಕವನಾ ಆರು ತಿಂಗಳ ಗರ್ಭಿಣಿ. ಅವಳಿಗೂ ರಕ್ತ ಕಡಿಮೆ. ಹೆರಿಗೆಯೊಳಗೆ ಏರದಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದು ವಿಜಯನಗರದ ಡಾಕ್ಟರಮ್ಮ ಹೇಳಿ, ಕಬ್ಬಿಣಾಂಶದ ಟಾನಿಕ್ ಕೊಟ್ಟಿದ್ದರು. ತಿಮ್ಮಯ್ಯ ಹೆಂಡತಿಯನ್ನು ಮಾತ್ರ ಕೇಳುತ್ತಿದ್ದರು, "ಸೊಸೆ ಟಾನಿಕ್ ಕುಡೀತಾಳಾ?" ಲಕ್ಷ್ಮಿದೇವಮ್ಮ, "ಬಾಟ್ಲಿ ಖಾಲಿ ಆಗ್ತಾ ಐತಲ್ಲ" ಎನ್ನುತ್ತಿದ್ದರು. ಊರಿನವರ ಕಣ್ಣೆಲ್ಲ ನೋಡುವ ಮನುಷ್ಯ ಸೊಸೆಯ ಕಣ್ಣು ನೋಡಿರಲಿಲ್ಲ. ಮಾವನಾದವನು ಸೊಸೆಯ ಎದುರು ನಿಂತು ಮುಖ ನೋಡಬಾರದು ಎಂಬುದು ಅವರ ಮನೆಯ ಪದ್ಧತಿ. ಅಡುಗೆಮನೆ ಕಡೆ ಬರುವಾಗಲೂ ಕೆಮ್ಮಿಯೇ ಬರುತ್ತಿದ್ದರು.

ಕೆಂಚಿಯ ಕಣ್ಣು ಕೆಂಪೇರಿತು. ತಿಮ್ಮಯ್ಯನವರನ್ನು ಹಿಡಿಯುವವರಿಲ್ಲ. ಟೀ ಅಂಗಡಿಯಲ್ಲಿ ಪೌಡರಿನ ಬಗ್ಗೆ ಭಾಷಣ ಬೇರೆ. ಅದೇ ವಾರ ಕವನಾಳ ರಕ್ತಪರೀಕ್ಷೆಯ ರಿಪೋರ್ಟ್ ಬಂತು, ರಕ್ತ ಮೊದಲಿಗಿಂತ ಇನ್ನೂ ಇಳಿದಿತ್ತು. "ಡೂಪ್ಲಿಕೇಟ್ ಟಾನಿಕ್ ಕಣೇ, ಬೇರೆ ಅಂಗಡೀಲಿ ತರೋಣ" ಎಂದರು ಲಕ್ಷ್ಮಿದೇವಮ್ಮ.

ಭಾನುವಾರ ಸಂಜೆ ಅವರ ನೆಂಟ ಮೋಹನ್ ಕುಮಾರ್ ಕೆಂಗೇರಿಯಿಂದ ಈ ಖ್ಯಾತ ಕುರಿಯನ್ನು ನೋಡಲು ಬಂದ. ನಾನೂ ಕಾಫಿ ಲೋಟ ಹಿಡಿದು ಶೆಡ್ಡಿಗೆ ಹೋದೆ. ಅವನು ಕುರಿಯ ವಯಸ್ಸು ಕೇಳಿದ. ಹಲ್ಲು ತೋರಿಸಲು ತಿಮ್ಮಯ್ಯ ಕೆಂಚಿಯ ತುಟಿ ಎತ್ತಿದರು. ಹಲ್ಲೆಲ್ಲ ಕರಿಕಂದು. ಬಗ್ಗಿ ಮೂಸಿದರು.

"ಇದು ಕಬ್ಬಿಣದ ಟಾನಿಕ್ ವಾಸ್ನೆ" ಎಂದರು.

ಕವನಾ ಬೂಸಾ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಕುಡಿದ್ರೆ ವಾಂತಿ ಬರ್ತದೆ ಮಾವ. ಅತ್ತೆ ಮೂಗು ಮುಚ್ಕೊಂಡು ಕುಡಿ ಅಂದ್ರು. ಆಗ್ಲಿಲ್ಲ. ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ. ಕೆಂಚಿಗೆ ರಕ್ತ ಇಲ್ಲ ಅಂತ ನೀವು ದಿನಾ ಒದ್ದಾಡ್ತಿದ್ರಲ್ಲ, ಅದ್ಕೇ ಹಾಕ್ದೆ."

ಮೋಹನ್ ಕುಮಾರ್ ಗೇಟಿನ ಕಡೆ ನೋಡತೊಡಗಿದ. ತಿಮ್ಮಯ್ಯ ಪಂಚೆಗೆ ಕೈ ಒರೆಸಿಕೊಂಡರು. ಕೆಮ್ಮಲಿಲ್ಲ. ನೇರ ಸೊಸೆಯ ಮುಂದೆ ಹೋಗಿ ನಿಂತು, "ಹೆದ್ರಬೇಡ ಮಗ" ಎಂದು ಅವಳ ರೆಪ್ಪೆ ಎಳೆದರು. ನಾನೂ ನೋಡಿದೆ, ಸುಣ್ಣದಷ್ಟು ಬೆಳ್ಳಗಿತ್ತು. ತಿಮ್ಮಯ್ಯ ಇನ್ನೊಂದು ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿದರು.

"ನನ್ ಕಣ್ಮುಂದೇನೇ ಇದ್ದೆಯಲ್ಲಮ್ಮ" ಎಂದು ಕಣ್ಣೊರೆಸಿಕೊಂಡರು. "ಚಪ್ಪಲಿ ಹಾಕ್ಕೋ. ಡಾಕ್ಟ್ರ ಹತ್ರ ನಾನೇ ಬರ್ತೀನಿ."

ಡಾಕ್ಟರಮ್ಮ ಟಾನಿಕ್ ನಿಲ್ಲಿಸಿ, ಕಬ್ಬಿಣದ ಅಂಶವನ್ನು ನರಕ್ಕೇ ಡ್ರಿಪ್‌ನಲ್ಲಿ ಕೊಟ್ಟರು. ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಬೈದರಂತೆ. ಬೈಗುಳವನ್ನೆಲ್ಲ ತಿಮ್ಮಯ್ಯನವರೇ ತಲೆ ತಗ್ಗಿಸಿ ಕೇಳಿಸಿಕೊಂಡರಂತೆ.

ಈಗ ದಿನಾ ಬೆಳಿಗ್ಗೆ ಮೊದಲು ಅಡುಗೆಮನೆ ಬಾಗಿಲಿಗೆ ಬರುತ್ತಾರೆ. "ಬಾರಮ್ಮ, ಬೆಳಕಿಗೆ." ಕವನಾ ತಾನೇ ರೆಪ್ಪೆ ಎಳೆದು ತೋರಿಸುತ್ತಾಳೆ. ಅವರು ಅವಸರ ಮಾಡದೆ ನೋಡುತ್ತಾರೆ. ಕೆಂಚಿ ಶೆಡ್ಡಿನಲ್ಲಿ ಅರಚಿಕೊಳ್ಳುತ್ತಿರುತ್ತದೆ, ಅದರ ಸರದಿ ಆಮೇಲೆ.