ಕರೆಂಟ್ ಪೆಟ್ಟಿಗೆಯ ಹೊದಿಕೆ

ಚಾರ್ಜ್ ಇತ್ತು, ಶಮೀಮ್. ತುಂಬ ಇತ್ತು. ಇಲ್ಲ ಎಂದು ನಾನು ಹೇಳಿದ್ದು ಸುಳ್ಳು. ನಿನ್ನ ಗಂಡ ಉಸಿರು ಸಿಗದೆ ಒದ್ದಾಡುತ್ತಿದ್ದಾಗ, ಔಷಧಿಯ ಮಷೀನನ್ನು ಎದೆಗವಚಿಕೊಂಡು ನೀನು ನನ್ನ ಹಿತ್ತಲ ಬಾಗಿಲಿಗೆ ಬಂದು ನಿಂತಾಗ, ನಾನು ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದೆ.

ಇದನ್ನು ಯಾವತ್ತೋ ಹೇಳಬೇಕಿತ್ತು. ಮೂರ್ನಾಲ್ಕು ಬೇಸಿಗೆ ಕಳೆದವು. ನಾಳೆ ಹೇಳೋಣ, ಹಬ್ಬಕ್ಕೆ ಹೋದಾಗ ಹೇಳೋಣ ಎಂದುಕೊಳ್ಳುತ್ತಾ ಬಂದೆ. ನಿಮ್ಮ ಮನೆಗೆ ಹಬ್ಬಕ್ಕೆ ಬಂದೆ, ಸುರಕುಂಬಾ ಪಾಯಸ ಕುಡಿದೆ, ಬಾಯಿ ಒರೆಸಿಕೊಂಡು ವಾಪಸ್ಸು ಹೋದೆ. ನನ್ನಂಥವಳಿಗೆ ಬಾಯಿ ಬರುವುದು ಬೇರೆಯವರ ತಪ್ಪು ಎತ್ತಿ ಆಡುವಾಗ ಮಾತ್ರ.

ಆಗ ರಾಯಚೂರಿನಲ್ಲಿ ನಮ್ಮದೂ ನಿಮ್ಮದೂ ಒಬ್ಬನೇ ಮಾಲೀಕನ ಬಾಡಿಗೆ ಮನೆಗಳು, ನಡುವೆ ಒಂದೇ ಗೋಡೆ. ಊರ ಪಕ್ಕದಲ್ಲೇ ಕರೆಂಟು ಹುಟ್ಟುತ್ತದೆ, ನಮ್ಮ ಓಣಿಗೆ ಬರಲು ಮಾತ್ರ ಅದಕ್ಕೆ ದಾರಿ ಗೊತ್ತಿಲ್ಲ ಎಂದು ನಾವಿಬ್ಬರೂ ಎಷ್ಟು ಸಲ ನಕ್ಕಿಲ್ಲ! ಇನ್ವರ್ಟರ್ ಹಾಕಿಸಲು ಗೋಡೆ ಕೊರೆಯಬೇಕೆಂದಾಗ ಮಾಲೀಕ ಒಪ್ಪಲಿಲ್ಲ. ಅದಕ್ಕೇ ನಮ್ಮವರು ಹೈದರಾಬಾದಿನಿಂದ ಆ ಪೋರ್ಟಬಲ್ ಪವರ್ ಸ್ಟೇಷನ್ ತಂದರು. ಸೂಟ್‌ಕೇಸಿನ ಹಾಗೆ ಹಿಡಿಕೆ ಹಿಡಿದು ಎತ್ತಬಹುದು. ಕರೆಂಟ್ ಇದ್ದಾಗ ಪ್ಲಗ್ಗಿಗೆ ಹಾಕಿಟ್ಟರೆ ತುಂಬಿಕೊಳ್ಳುತ್ತದೆ, ಹೋದಾಗ ಫ್ಯಾನು, ಕೂಲರು ನಡೆಸುತ್ತದೆ. ಆ ಉದ್ದನೆಯ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ. ನೀನು ಅದನ್ನು ‘ಕರೆಂಟ್ ಪೆಟ್ಟಗಿ’ ಅಂದೆ, ಅದೇ ಉಳಿಯಿತು.

ನಮ್ಮ ಮನೆಗಳಲ್ಲಿ ಹೊಸ ವಸ್ತು ಬಂದರೆ ಅದಕ್ಕೊಂದು ಬಟ್ಟೆ ಮುಚ್ಚದೆ ಸಮಾಧಾನವಿಲ್ಲ. ಟಿವಿಗೆ, ಮಿಕ್ಸರಿಗೆ, ಫ್ರಿಜ್ಜಿನ ತಲೆಗೆ — ಎಲ್ಲದಕ್ಕೂ. ಮುಚ್ಚಿದರೆ ಪೆಟ್ಟಿಗೆ ಬಿಸಿಯಾಗುತ್ತದೆ ಎಂದು ನಮ್ಮವರು ತಕರಾರು ತೆಗೆದಾಗ ನೀನೇ ಬಿಳಿ ದಾರದಲ್ಲಿ ಬಲೆಯ ಹಾಗೆ ಒಂದು ಹೊದಿಕೆ ಹೆಣೆದು ತಂದೆ. ಮುಂದೆ ಒಂದು ಕೆಂಪು ಹೂವು, ಅದರ ಕೆಳಗೆ ಒಂದು ಚೌಕ ಕಿಂಡಿ. "ಅಂಕಿ ಕಾಣಬೇಕಲ್ರೀ ಅಕ್ಕಾರ, ಎಷ್ಟು ಉಳಿದದ ಅಂತ. ಹಂಗಾಗಿ ಕಿಂಡಿ ಬಿಟ್ಟೀನಿ," ಅಂದೆ. ಬಂದವರಿಗೆಲ್ಲ ನಾನು ಪೆಟ್ಟಿಗೆಗಿಂತ ಹೆಚ್ಚು ಆ ಹೊದಿಕೆಯನ್ನೇ ತೋರಿಸುತ್ತಿದ್ದೆ.

ನಿನ್ನ ಗಂಡ ಚಾಂದಸಾಬರಿಗೆ ದಮ್ಮು ಇದ್ದದ್ದು ಓಣಿಗೆಲ್ಲ ಗೊತ್ತು. ಹತ್ತಿ ಮಿಲ್ಲಿನ ಧೂಳು ಕುಡಿದು ಕುಡಿದು ಅವರ ಎದೆ ಹಾಗಾಗಿತ್ತು. ದಮ್ಮು ಎದ್ದಾಗ ನೆಬುಲೈಜರ್ ಹಚ್ಚಬೇಕು, ಅದಕ್ಕೆ ಕರೆಂಟು ಬೇಕು. ಕರೆಂಟು ಇಲ್ಲದಾಗ ನೀನು ಮಷೀನು ತರುತ್ತಿದ್ದೆ, ಹಿಂದೆಯೇ ಅವರು ಗೋಡೆ ಹಿಡಿದುಕೊಂಡು ಬರುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಕುಳಿತು ಔಷಧಿ ಎಳೆದುಕೊಂಡು, ನಾನು ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಪೆಟ್ಟಿಗೆಯ ಅಂಕಿ ಆಮೇಲೂ ಹೆಚ್ಚುಕಡಿಮೆ ಅಲ್ಲೇ ಇರುತ್ತಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ — ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಅವರ ಉಸಿರಿಗೆ ಎಷ್ಟು ಚಾರ್ಜ್ ಬೇಕು ಎನ್ನುವುದನ್ನು ನಾನು ಕಣ್ಣಾರೆ ನೋಡಿದವಳು.

ಅವತ್ತು ನನ್ನ ಮಗಳು ರೇಣುಕಾಳನ್ನು ನೋಡಲು ದೇವದುರ್ಗದವರು ಬರುವುದಿತ್ತು. ಅದಕ್ಕೆ ಮೊದಲು ಬಂದ ಒಂದು ಸಂಬಂಧ ಕರೆಂಟಿಲ್ಲದ ಮಧ್ಯಾಹ್ನ ಬೆವರು ಸುರಿಸಿಕೊಂಡೇ ಎದ್ದುಹೋಗಿತ್ತು. ಹುಡುಗನ ಅತ್ತೆ ಮೆಟ್ಟಿಲು ಇಳಿಯುತ್ತಾ, "ಇವರ ಮನ್ಯಾಗ ಕುಂದ್ರಾಕ ಆಗಂಗಿಲ್ಲ ಬಿಡ್ರಿ," ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಮಾತು ನನ್ನನ್ನು ತಿನ್ನುತ್ತಿತ್ತು. ಈ ಸಲ ಕೂಲರ್ ನಿಲ್ಲಬಾರದು, ಒಂದು ಗಳಿಗೆಯೂ ನಿಲ್ಲಬಾರದು — ಅದೊಂದೇ ತಲೆಯಲ್ಲಿ.

ಬೆಳಗಿನಿಂದ ಕರೆಂಟ್ ಇರಲಿಲ್ಲ. ಫ್ಯಾನು ಕೂಡ ಹಾಕದೆ ಪೆಟ್ಟಿಗೆಯನ್ನು ಹಾಗೇ ಉಳಿಸಿದ್ದೆ. ಬಟ್ಟಲಲ್ಲಿ ಶಂಕರಪೋಳಿ ಹಾಕಿಟ್ಟು, ಗುಂಡಿ ಒತ್ತಿ ಅಂಕಿ ನೋಡುತ್ತಿದ್ದೆ. ಪೂರಾ ತುಂಬಿತ್ತು. ಆಗ ಹಿತ್ತಲಲ್ಲಿ ನಿನ್ನ ಚಪ್ಪಲಿಯ ಸಪ್ಪಳ ಕೇಳಿಸಿತು. ಶಮೀಮ್, ನಾನು ಯೋಚನೆ ಮಾಡಿದೆನೆಂದರೆ ಅದೂ ಸುಳ್ಳಾದೀತು. ನನ್ನ ಕೈ ತಾನಾಗಿಯೇ ಹೊದಿಕೆಯನ್ನು ಹಿಡಿದು ಹಿಂದುಮುಂದು ತಿರುಗಿಸಿಬಿಟ್ಟಿತು. ಕಿಂಡಿ ಗೋಡೆಯ ಕಡೆ ಹೋಯಿತು. ನೀನು ಅಂಕಿ ಕಾಣಲೆಂದು ಹೆಣೆದ ಹೊದಿಕೆಯಿಂದಲೇ ನಾನು ಅಂಕಿ ಮುಚ್ಚಿದೆ.

"ಅಕ್ಕಾರ, ಇವರಿಗೆ ಭಾಳ ದಮ್ಮು ಎದ್ದದರೀ. ಮಷೀನ್ ಹಚ್ಚಲೇನು?"

"ಚಾರ್ಜ್ ಇಲ್ಲವಾ ಶಮೀಮ್. ಮುಂಜಾನಿಂದ ಕರೆಂಟ್ ಇಲ್ಲಲ್ಲ, ಎಲ್ಲಾ ಖಾಲಿ ಆಗೇದ."

ನೀನು ನನ್ನನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿದೆ. "ಇರ್ಲಿ ಬಿಡ್ರಿ ಅಕ್ಕಾರ," ಅಂದೆ. ಆಮೇಲೆ ಆಟೋ ಬಂದ ಸದ್ದು, ಚಾಂದಸಾಬರನ್ನು ಇಬ್ಬರು ಎತ್ತಿ ಕೂರಿಸಿದ್ದು, ಆ ಬಿಸಿಲು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೂಗಿ ನಿಲ್ಲಿಸಬಹುದಿತ್ತು. ಆಗಲೂ —

ದೇವದುರ್ಗದವರು ಬಂದರು. ಕೂಲರ್ ಹಚ್ಚಿದೆ. ಹುಡುಗನ ತಾಯಿ ಕುಳಿತು ಇನ್ನೂ ನೀರು ಕುಡಿದಿರಲಿಲ್ಲ, ಸೆರಗು ಹೊದ್ದುಕೊಂಡು, "ಯವ್ವಾ, ಅದನ್ನ ಬಂದ್ ಮಾಡ್ರಿ. ನನಗ ಕೂಲರ್ ಗಾಳಿ ಆಗಿ ಬರಂಗಿಲ್ಲ. ಬಾಗ್ಲಾ ತಗೀರಿ, ಸಾಕು," ಅಂದರು. ಬಾಗಿಲು ತೆಗೆದೆ. ಮೊದಲು ಕಣ್ಣಿಗೆ ಬಿದ್ದದ್ದು ಪಕ್ಕದ ನಿಮ್ಮ ಬಾಗಿಲಿಗೆ ಹಾಕಿದ ಬೀಗ. ಆ ತಾಯಿ ಮಗಳನ್ನು ಒಪ್ಪಿ, ಹೂವು ಮುಡಿಸಿ ಹೋದರು. ನಾನು ಎಲ್ಲರ ಜೊತೆ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಚಾಂದಸಾಬರು ಬದುಕಿ ಬಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದ್ದರಂತೆ. ಇನ್ನಷ್ಟು ತಡವಾಗಿದ್ದರೆ ಎಂದು ಡಾಕ್ಟರು ಏನೋ ಹೇಳಿದರೆಂದು ನೀನು ಅರ್ಧಕ್ಕೇ ಮಾತು ನಿಲ್ಲಿಸಿದೆ. ರೇಣುಕಾಳ ಸುದ್ದಿ ಕೇಳಿ ಸಕ್ಕರೆ ಹಿಡಿದು ಬಂದವಳು ನೀನು! ಎದ್ದು ಹೋಗುವಾಗ ಪೆಟ್ಟಿಗೆಯ ಬಳಿ ನಿಂತೆ. ಹೊದಿಕೆ ಇನ್ನೂ ಹಾಗೇ ಇತ್ತು, ನನಗೆ ಅದನ್ನು ಮುಟ್ಟುವ ಧೈರ್ಯ ಆಗಿರಲಿಲ್ಲ. ನೀನು ಎರಡೂ ಕೈಯಿಂದ ಅದನ್ನು ತಿರುಗಿಸಿ ಸರಿಯಾಗಿ ಕೂರಿಸಿದೆ.

"ಹೂವು ಹಿಂದ ಹೋಗಿತ್ತು ನೋಡ್ರಿ ಅಕ್ಕಾರ."

ಅಷ್ಟೇ ಅಂದೆ. ನಿನಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಆಮೇಲೆ ಕರೆಂಟ್ ಹೋದಾಗೆಲ್ಲ ಗೋಡೆಯಾಚೆ ಚಾಂದಸಾಬರ ಕೆಮ್ಮು ಕೇಳುತ್ತಿತ್ತು, ನಾನು ನಿನ್ನ ಚಪ್ಪಲಿಯ ಸಪ್ಪಳಕ್ಕಾಗಿ ಕಾಯುತ್ತಿದ್ದೆ. ನೀನು ಬರಲಿಲ್ಲ. ಒಮ್ಮೆ ನಾನೇ ಪೆಟ್ಟಿಗೆ ಎತ್ತಿಕೊಂಡು ನಿನ್ನ ಬಾಗಿಲಿಗೆ ಬಂದೆ. "ಬ್ಯಾಡ್ರಿ ಅಕ್ಕಾರ, ಈಗ ಅರಾಮ ಅದಾರ," ಅಂದೆ. ನೀನು ಹಾಗನ್ನುತ್ತಿರುವಾಗಲೇ ಒಳಗೆ ಅವರು ಕೆಮ್ಮುತ್ತಿದ್ದರು. ಆ ವರ್ಷವೇ ನೀವು ಮನೆ ಬಿಟ್ಟು ಮಾನ್ವಿಗೆ, ನಿನ್ನ ತಮ್ಮನ ಮನೆಯ ಹತ್ತಿರಕ್ಕೆ ಹೋದಿರಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತಿಗೂ ಬಾಯಿ ಬಿಡುತ್ತಿರಲಿಲ್ಲವೇನೋ. ಮೊನ್ನೆ ನಿನ್ನ ಮಗಳ ಮದುವೆಗೆ ಮಾನ್ವಿಗೆ ಬಂದೆನಲ್ಲ — ಚಾಂದಸಾಬರು ನನ್ನನ್ನು ಬೀಗರ ಮುಂದೆ ಕುರ್ಚಿ ಹಾಕಿ ಕೂರಿಸಿದರು.

"ಕರೆಂಟ್ ಹೋದಾಗೆಲ್ಲ ಈ ಅಕ್ಕಾರೇ ನನ್ನ ಉಸಿರು ಉಳಿಸ್ಯಾರ್ರೀ. ಒಂದಿನಾನೂ ಇಲ್ಲ ಅಂದಿಲ್ಲ. ಒಮ್ಮಿ ಮಾತ್ರ ಇವರು ಮನಿಗೆ ಬೀಗ ಹಾಕ್ಕೊಂಡು ಊರಿಗೆ ಹೋಗಿದ್ರು. ಅವತ್ತೇ ನಾ ದವಾಖಾನಿ ಸೇರಿದ್ದು!"

ಎಲ್ಲರೂ ನಕ್ಕರು. ನೀನು ನನಗೆ ಬಗಾರಾ ಅನ್ನ ಬಡಿಸುತ್ತಿದ್ದೆ. ತಲೆ ಎತ್ತಲಿಲ್ಲ. ಆಗ ಅರ್ಥವಾಯಿತು — ಅಕ್ಕಾರ ಮನೆಗೆ ಬೀಗವಿತ್ತು ಎಂದು ಅವತ್ತು ನೀನು ಅವರಿಗೆ ಹೇಳಿದ್ದೆ. ಉಸಿರು ಸಿಗದೆ ಒದ್ದಾಡುತ್ತಿದ್ದ ಗಂಡನ ಮುಂದೆ ನನ್ನ ಮಾನ ಕಾಪಾಡಿದ್ದೆ.

ಬರುವ ಶುಕ್ರವಾರ ಅವರು ನಮಾಜು ಮುಗಿಸಿ ಮನೆಗೆ ಬರುವ ಹೊತ್ತಿಗೆ ನಾನು ಮಾನ್ವಿಯಲ್ಲಿರುತ್ತೇನೆ. ಪೆಟ್ಟಿಗೆ ತರುವುದಿಲ್ಲ. ತಂದುಕೊಟ್ಟರೆ ನಾನೇನೋ ತೀರಿಸಿದೆ ಅನ್ನಿಸೀತು, ಆ ಸುಖ ನನಗೆ ಬೇಡ. ನಿನ್ನೊಬ್ಬಳ ಮುಂದೆ ಹೇಳಿ ಹಗುರಾಗುವುದೂ ಬೇಡ. ಉಸಿರು ಚಾಂದಸಾಬರದಾಗಿತ್ತು, ಅವರ ಮುಂದೆಯೇ ಹೇಳುತ್ತೇನೆ — ಬೀಗ ಇರಲಿಲ್ಲ, ನಾನು ಮನೆಯಲ್ಲೇ ಇದ್ದೆ, ಚಾರ್ಜ್ ತುಂಬಿತ್ತು ಎಂದು.

ನೀನು ಮಾತ್ರ ಅಡ್ಡ ಬಂದು "ಇರ್ಲಿ ಬಿಡ್ರಿ ಅಕ್ಕಾರ" ಅನ್ನಬೇಡ, ಶಮೀಮ್.